ನಡುಗುವ ಗೆರೆಗೆ ಮೂರು ಬಿಂದು

ಪ್ರೀತಿಯ ಅಣ್ಣಾ,

ಫೋನ್ ಎತ್ತುವುದಿಲ್ಲ ಎಂದು ನೀನು ಹಠ ಹಿಡಿದರೆ ನನಗೇನು ಬರೆಯಲು ಬರುವುದಿಲ್ಲವೇ? ತಗೋ, ಓದು. ಮಾತ್ರೆ ನುಂಗಿದೆಯಾ, ನಿದ್ದೆ ಬಂತಾ ಎಂದೆಲ್ಲ ಈ ಪತ್ರದಲ್ಲಿ ಕೇಳುವುದಿಲ್ಲ. ಅದನ್ನು ಅತ್ತಿಗೆ ನೋಡಿಕೊಳ್ಳುತ್ತಾರೆ. ನನಗೆ ಬೇಕಾಗಿರುವುದು ಒಂದೇ. ನೀನು ಅಂಗಡಿಗೆ ವಾಪಸ್ ಬರಬೇಕು. ನಿನ್ನೆ ಪೆನ್ಸಿಲಿನಲ್ಲಿ ಗೀಚಿ ಕಳಿಸಿದೆಯಲ್ಲ ಒಂದು ಕಾಗದ, ಅದು ಇಲ್ಲಿ ಏನೇನು ಮಾಡಿತು ಗೊತ್ತಾ? ಬೆಳಗ್ಗೆಯಿಂದ ನನ್ನ ಕಾಲು ನೆಲದ ಮೇಲಿಲ್ಲ. ಅದನ್ನೇ ಮೊದಲು ಹೇಳಿದರೆ ನಿನಗೆ ತಲೆಬುಡ ತಿಳಿಯುವುದಿಲ್ಲ, ಅದಕ್ಕೇ ಶುರುವಿನಿಂದ ಹೇಳುತ್ತೇನೆ. ನಡುವೆ ಎದ್ದು ಹೋಗಬೇಡ.

ಔಷಧಿ ಅಂಗಡಿಯ ಬೋರ್ಡ್ ಬರೆಯುವಾಗ ನೀನು ಏಣಿಯಿಂದ ಇಳಿದುಬಿಟ್ಟೆಯಲ್ಲ, ಆ ದಿನ ನಾನು ಕೆಳಗೆ ಬಣ್ಣ ಕಲಸುತ್ತಿದ್ದೆ. ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನೀನು ಅಕ್ಷರದ ಅಂಚು ಎಳೆಯಲು ನೋಡುತ್ತಿದ್ದೆ. ಅಂಚು ಗರಗಸದ ಹಲ್ಲಿನಂತೆ ಬಂತು. ಒರೆಸಿದೆ, ಮತ್ತೆ ಎಳೆದೆ, ಮತ್ತೆ ಹಾಗೇ ಬಂತು. ಇಳಿದು ಬಂದು ಕುಂಚಗಳನ್ನೆಲ್ಲ ಟರ್ಪೆಂಟೈನಿನಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ನನ್ನ ಮಡಿಲಿಗೆ ಹಾಕಿದೆ. "ಕೈ ಹೋದ ಮೇಲೆ ಪೇಂಟರಿಗೆ ಅಂಗಡೀಲಿ ಏನು ಕೆಲಸ? ಇನ್ಮೇಲೆ ನೀನೇ ನೋಡ್ಕೋ" ಅಂದೆ. ಡಾಕ್ಟರು ಈ ನಡುಕ ಹೋಗುವಂಥದ್ದಲ್ಲ, ಜೊತೆಯಲ್ಲಿಟ್ಟುಕೊಂಡೇ ಬದುಕಬೇಕು ಅಂದರು. ಬದುಕು ಅಂದರು ಅಣ್ಣಾ, ಮನೆ ಸೇರಿ ಗೋಡೆ ನೋಡಿಕೊಂಡು ಕೂರು ಅನ್ನಲಿಲ್ಲ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ಆ ರಾತ್ರಿಯ ಅಡುಗೆಗೆ ಉಪ್ಪು ಎರಡು ಸಲ ಬಿತ್ತು.

ಬಣ್ಣ ತುಂಬುವುದು, ಹಿನ್ನೆಲೆ ಹೊಡೆಯುವುದು, ನೂಲು ಹಿಡಿದು ಗೆರೆ ಹಾಕುವುದು ನನಗೆ ಬರುತ್ತದೆ. ಅಕ್ಷರ ಮಾತ್ರ ಯಾವಾಗಲೂ ನಿನ್ನದೇ. ಹೀಗಿರುವಾಗ ಅಂಗಡಿ ನಡೆಯುವುದು ಹೇಗೆ? ಕೊನೆಗೆ ನಮ್ಮ ಅಂಗಡಿಯ ಮೇಲಿನ ಮಹಡಿಯಲ್ಲಿ ಡಬ್ಬಿ, ಪೊಟ್ಟಣಗಳ ಲೇಬಲ್ ಮಾಡುವಾಕೆಯ ಹತ್ತಿರ ಹೋದೆ. ನೀನು ಆಕೆಯನ್ನು ಮಹಡಿ ಮೇಡಂ ಎಂದು ಕರೆಯುತ್ತಿದ್ದೆಯಲ್ಲ, ಅವರೇ. ನನಗೂ ಕಂಪ್ಯೂಟರಿನಲ್ಲಿ ಅಕ್ಷರ ಬರೆಯಲು ಹೇಳಿಕೊಡಿ ಅಂದೆ. "ಬರೆಯೋದು ಅಲ್ಲ ರೀ, ಕಟ್ಟೋದು. ಕೂತ್ಕೊಳ್ಳಿ" ಅಂದರು. ಈ ವಯಸ್ಸಿನಲ್ಲಿ ಮೊದಲ ದಿನ ಶಾಲೆಗೆ ಹೋದ ಹುಡುಗಿಯ ಹಾಗೆ ಪೆನ್ನು, ಪುಸ್ತಕ ಹಿಡಿದು ಕೂತೆ.

ಮೊದಲು ಅವರು ನಮ್ಮ ಅಂಗಡಿಯದೇ ಒಂದು ಫೋಟೋ ತೆರೆದು ದೊಡ್ಡದು ಮಾಡುತ್ತಾ ಹೋದರು. ನೀನು ಬರೆದ ಅಕ್ಷರದ ಅಂಚು ಮೆಟ್ಟಿಲು ಮೆಟ್ಟಿಲಾಗಿ, ಕೊನೆಗೆ ಬರೀ ಚೌಕದ ಚೂರುಗಳಾಗಿ ಹೋಯಿತು. ಆಮೇಲೆ ಅವರ ಲೇಬಲ್ಲಿನ ಒಂದು ಎಲೆ ತೆರೆದು ಹಾಗೆಯೇ ದೊಡ್ಡದು ಮಾಡಿದರು. ಗೋಡೆಯಷ್ಟು ಮಾಡಿದರೂ ಅಂಚು ಕೂದಲೆಳೆಯಷ್ಟೂ ಕೆಡಲಿಲ್ಲ! ಫೋಟೋದಲ್ಲಿ ಇರುವುದು ಚೂರುಗಳು, ಇದರಲ್ಲಿ ಇರುವುದು ಬಿಂದುಗಳು, ಈ ಬಿಂದುವಿನಿಂದ ಆ ಬಿಂದುವಿಗೆ ಹೇಗೆ ಹೋಗಬೇಕೆಂಬ ಲೆಕ್ಕ ಅಷ್ಟೇ. ಇದಕ್ಕೆ ವೆಕ್ಟರ್ ಅನ್ನುತ್ತಾರಂತೆ. ಹೆಸರು ಏನಾದರೂ ಇರಲಿ, ಅಂಗೈಯಲ್ಲಿ ಬರೆದದ್ದನ್ನು ಗೋಡೆಗೆ ಏರಿಸಬಹುದು ಎಂದು ಗೊತ್ತಾದಾಗ ನನಗೆ ಕುರ್ಚಿಯಲ್ಲಿ ಕೂರಲು ಆಗಲಿಲ್ಲ.

ಬಿಂದು ಇಡಲು ಪರದೆಯ ಮೇಲೆ ಒಂದು ಪೆನ್ ಇದೆ. ಮೌಸ್ ಒತ್ತಿ ಬಿಟ್ಟರೆ ನೇರ ಗೆರೆ. ಒತ್ತಿ ಹಿಡಿದು ಎಳೆದರೆ ಬಿಂದುವಿನ ಎರಡೂ ಕಡೆ ಎರಡು ಕಡ್ಡಿ ಮೂಡುತ್ತವೆ, ಥೇಟ್ ಮೀಸೆ. ಆ ಮೀಸೆಯ ತುದಿ ಹಿಡಿದು ತಿರುಗಿಸಿದರೆ ಗೆರೆ ಬಾಗುತ್ತದೆ, ಉದ್ದ ಎಳೆದರೆ ಹೊಟ್ಟೆ ಬಿಡುತ್ತದೆ, ಕುಗ್ಗಿಸಿದರೆ ಸೊಂಟ ಸಣ್ಣಗಾಗುತ್ತದೆ. ನಾನು ಶುರುವಿಗೆ ಏನು ಮಾಡಿದೆ ಗೊತ್ತಾ? ಸೊನ್ನೆಯಂಥ ಒಂದು ದುಂಡನೆ ಆಕಾರಕ್ಕೆ ಸುತ್ತಲೂ ಒತ್ತೊತ್ತಾಗಿ ಬಿಂದು ಇಟ್ಟುಕೊಂಡು ಹೋದೆ. ಜಾಸ್ತಿ ಇದ್ದಷ್ಟೂ ಗಟ್ಟಿ ಅಲ್ಲವೇ ಅಂತ! ಬಂದದ್ದು ಸೊನ್ನೆಯಲ್ಲ, ಯಾರೋ ಕಚ್ಚಿ ಬಿಟ್ಟ ಬಿಸ್ಕತ್ತು. "ಇಷ್ಟು ಮೊಳೆ ಹೊಡೆದ್ರೆ ಗೋಡೆ ಎಲ್ಲಿ ಉಳಿಯತ್ತೆ ರೀ? ತಿರುವು ಇರೋ ಕಡೆ ಮಾತ್ರ ಇಡಿ. ಉಳಿದದ್ದು ಅದೇ ನೋಡ್ಕೊಳ್ಳತ್ತೆ" ಅಂದರು ಮೇಡಂ. ನಾಲ್ಕೇ ಬಿಂದುವಿನಲ್ಲಿ ಸೊನ್ನೆ ದುಂಡಗೆ ಬಂದು ನಿಂತಾಗ ನಾನು ಚಪ್ಪಾಳೆ ತಟ್ಟಿಬಿಟ್ಟೆ. ಲೇಬಲ್ ತೆಗೆದುಕೊಳ್ಳಲು ಬಂದಿದ್ದ ಗಿರಾಕಿ ಹೆದರಿ ಬಾಗಿಲಿನಲ್ಲೇ ನಿಂತರು.

ಇನ್ನೊಂದು ಹೇಳುತ್ತೇನೆ, ಹೊಟ್ಟೆಕಿಚ್ಚು ಪಡಬೇಡ. ತಪ್ಪಿದರೆ ಕೀಲಿಮಣೆಯ ಎರಡು ಕೀಲಿ ಒತ್ತಿದರೆ ಸಾಕು, ತಪ್ಪು ಆಗೇ ಇಲ್ಲವೆಂಬಂತೆ ಹಿಂದಕ್ಕೆ ಹೋಗುತ್ತದೆ. ಟರ್ಪೆಂಟೈನ್ ಬೇಡ, ಬಟ್ಟೆ ಬೇಡ, ಉಗುರಿನಲ್ಲಿ ಕೆರೆಯುವುದು ಬೇಡ, ಬೋರ್ಡಿನ ಮಾಲೀಕ ನೋಡಿದನೋ ಏನೋ ಎಂದು ಕದ್ದು ತಿರುಗಿ ನೋಡುವುದಂತೂ ಬೇಡವೇ ಬೇಡ. ಮೊದಲ ಸಲ ಸುಮ್ಮನೆ ತಮಾಷೆಗೆ ತಪ್ಪು ಮಾಡಿ ಮಾಡಿ ಅಳಿಸಿದೆ.

ಅಷ್ಟು ಹೊತ್ತಿಗೆ ನಾನು ಬಲ್ಲವಳು ಎಂಬ ಕೊಬ್ಬು ಬಂದಿತ್ತು. ದರ್ಜಿಯ ಗಾಜಿನ ಬಾಗಿಲಿಗೆ ಸ್ಟಿಕ್ಕರ್ ಅಕ್ಷರ ಒಪ್ಪಿಕೊಂಡೆ. ಕುಂಚ ಹಿಡಿದವರ ಬುದ್ಧಿ ಎಲ್ಲಿ ಹೋಗುತ್ತದೆ? ನಮಗೆ ಕುಂಚದ ಅಗಲವೇ ಅಕ್ಷರದ ಅಗಲ. ಹಾಗಾಗಿ ಅಕ್ಷರದ ನಡುವೆ ಒಂದೇ ಗೆರೆ ಎಳೆದು, ಆ ಗೆರೆಯನ್ನು ಬೇಕಾದಷ್ಟು ದಪ್ಪ ಮಾಡಿದೆ. ಪರದೆಯ ಮೇಲೆ ಏನು ಚಂದ ಅಂತೀ! ಚಪ್ಪಟೆ ಕುಂಚದಲ್ಲಿ ಒಂದೇ ಎಳೆತಕ್ಕೆ ಬರೆದ ಹಾಗಿತ್ತು. ಮೇಡಂ ಹತ್ತಿರ ಇರುವ, ಸ್ಟಿಕ್ಕರ್ ಹಾಳೆ ಕತ್ತರಿಸುವ ಮೆಷಿನ್ನಿಗೆ ಕೊಟ್ಟೆ. ಅದು ಸರಸರ ಓಡಿ ನಿಂತಿತು. ಹಾಳೆ ಎಬ್ಬಿಸಿ ನೋಡುತ್ತೇನೆ, ಅಕ್ಷರವೇ ಇಲ್ಲ! ಪ್ರತಿ ಅಕ್ಷರದ ನಟ್ಟನಡುವೆ ಬ್ಲೇಡಿನ ಒಂದೊಂದು ಸೀಳು, ಅಷ್ಟೇ. ಮಹಡಿ ಮೇಡಂ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಯ್ಯೋ, ಬ್ಲೇಡಿಗೆ ದಪ್ಪ ಎಲ್ಲಿ ಕಾಣತ್ತೆ ರೀ? ಅದಕ್ಕೆ ದಾರಿ ಮಾತ್ರ ಗೊತ್ತು. ಅಕ್ಷರದ ಸುತ್ತ ಬೇಲಿ ಹಾಕಿ ಕೊಡ್ಬೇಕು" ಅಂದರು. ಗೆರೆಯ ದಪ್ಪವನ್ನೇ ಸುತ್ತುಬೇಲಿಯಾಗಿ ಮಾಡಿಕೊಡುವ ಒಂದು ಗುಂಡಿ ಇದೆಯಂತೆ. ಮೊದಲೇ ಹೇಳಬಾರದಿತ್ತೇ ಮಹಾತಾಯಿ! ನೀನು ಪಕ್ಕದಲ್ಲಿದ್ದಿದ್ದರೂ ಇದೇ ತಪ್ಪು ಮಾಡುತ್ತಿದ್ದೆ ಅಣ್ಣಾ, ಆಣೆ ಮಾಡಿ ಹೇಳುತ್ತೇನೆ, ಮತ್ತು ನಾವಿಬ್ಬರೂ ಸೇರಿ ಮೆಷಿನ್ನಿಗೆ ಬೈಯುತ್ತಿದ್ದೆವು.

ಈಗ ಬೇಕರಿಯ ವಿಷಯ. ನಮ್ಮ ಬೇಕರಿಯಣ್ಣ ರಸ್ತೆಯ ಆಚೆ ಬದಿಯ ಹೊಸ ಕಟ್ಟಡಕ್ಕೆ ಹೋಗುತ್ತಿದ್ದಾನೆ. ಹೊಸ ಬೋರ್ಡ್ ಬೇಕು, ಆದರೆ ಅಕ್ಷರ ಮಾತ್ರ ಹಳೆಯದೇ ಆಗಬೇಕು ಎಂದು ಪಟ್ಟು. ನೀನು ಅವನ ತಂದೆಯ ಕಾಲದಲ್ಲಿ ಬರೆದ ಬೋರ್ಡ್ ಅದು. ನಾನು ಅದರ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ, ಗಾಜಿನ ಹಾಳೆಯಂಥ ಒಂದು ಪದರದಲ್ಲಿ ಮಸುಕಾಗಿ ಕೆಳಗಿಟ್ಟು, ಮೇಲಿನ ಪದರದಲ್ಲಿ ಬಿಂದು ಇಡುತ್ತಾ ಬಂದೆ. ತಾಪತ್ರಯ ಮೊದಲ ಅಕ್ಷರದಲ್ಲೇ. ಬಿಸಿಲಿಗೆ ಕಟ್ಟಿದ ಪರದೆಯ ಹಗ್ಗ ಉಜ್ಜಿ ಉಜ್ಜಿ ಅದರ ಹೊಟ್ಟೆಯ ಬಣ್ಣವೆಲ್ಲ ಕಿತ್ತುಹೋಗಿದೆ. ಅಲ್ಲಿ ನನ್ನ ಅಂದಾಜಿಗೆ ಬಂದಂತೆ ಬಾಗಿಸಿದೆ. ಅಳತೆಗೆ ಸರಿಯಾಗಿ ಕಾಗದದ ಮೇಲೆ ಮುದ್ರಿಸಿ ಒಯ್ದು ತೋರಿಸಿದರೆ ಆ ಪುಣ್ಯಾತ್ಮ ಹಿಟ್ಟಿನ ಕೈ ಒರೆಸಿಕೊಂಡು, ಹಿಂದೆ ಹೋಗಿ, ಮುಂದೆ ಬಂದು, "ಎಲ್ಲಾ ಚೆನ್ನಾಗಿದೆ ಅಕ್ಕಾ. ಆದ್ರೆ ಇದು ನಿಮ್ಮಣ್ಣನ ಅಕ್ಷರ ಅಲ್ಲ" ಅಂದ. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬರುವ ದಾರಿಯಲ್ಲಿ ಯೋಚಿಸಿದೆ, ಅವನು ಹೇಳಿದ್ದು ಸರಿ. ಎಲ್ಲಿ ತಪ್ಪಿದೆ ಎಂದು ಮಾತ್ರ ನನ್ನ ಕಣ್ಣಿಗೆ ಕಾಣುತ್ತಿಲ್ಲ. ಅದು ಕಾಣುವುದು ನಿನಗೆ ಮಾತ್ರ.

ಆಗಲೇ ನನಗೆ ಹೊಳೆದದ್ದು. ಈ ಕೆಲಸಕ್ಕೆ ಗಟ್ಟಿ ಕೈ ಎಲ್ಲಿ ಬೇಕು? ಬಿಂದು ಇಟ್ಟು ಬಿಟ್ಟ ಮೇಲೆ ಗೆರೆಯನ್ನು ಎಳೆಯುವುದು ಕೈಯಲ್ಲವಲ್ಲ! ಆದರೂ ಪರೀಕ್ಷೆ ಮಾಡದೆ ನಿನಗೆ ಹೇಳುವ ಧೈರ್ಯವಿರಲಿಲ್ಲ, ನೀನು ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡವನು. ಏನು ಮಾಡಿದೆ ಕೇಳು. ಬಟ್ಟೆ ಒಗೆಯುವ ಮೆಷಿನ್ ಹಿಂಡಲು ಶುರುಮಾಡಿದಾಗ ಮನೆಯೇ ಅಲುಗುತ್ತದಲ್ಲ, ಅದರ ಪಕ್ಕ ಸ್ಟೂಲಿನ ಮೇಲೆ ಮಹಡಿ ಮೇಡಂ ಕೊಟ್ಟ ಲ್ಯಾಪ್‌ಟಾಪ್ ಇಟ್ಟು, ಮೌಸನ್ನೂ ನನ್ನ ಮೊಣಕೈಯನ್ನೂ ಮೆಷಿನ್ನಿನ ಮುಚ್ಚಳದ ಮೇಲಿಟ್ಟುಕೊಂಡು ಕೂತೆ. ಕೈ ಗಡಗಡ, ಹಲ್ಲು ಕಟಕಟ. ನಮ್ಮ ಮನೆಯವರು ಬಂದು ನೋಡಿ, "ಬಟ್ಟೆ ಒಗೀತಿದೀಯೋ, ಚಿತ್ರ ಬರೀತಿದೀಯೋ?" ಅಂದರು. "ಎರಡೂ ಅಲ್ಲ, ಅಣ್ಣನ ಕೈ ಹಾಕ್ಕೊಂಡು ನೋಡ್ತಿದೀನಿ" ಅಂದೆ. ಅವರು ಹತ್ತಿರ ಬಂದು ಸ್ಟೂಲು ಜಾರದ ಹಾಗೆ ಹಿಡಿದುಕೊಂಡು ನಿಂತರು.

ಸುಳ್ಳು ಹೇಳುವುದಿಲ್ಲ, ಬಿಂದು ಅಂದುಕೊಂಡ ಕಡೆ ಬೀಳಲಿಲ್ಲ. ಒಂದು ಅಲ್ಲಿ, ಒಂದು ಇಲ್ಲಿ. ಆದರೆ ಬಾಣದ ಗುರುತಿನ ಕೀಲಿಗಳಿವೆಯಲ್ಲ, ಅವುಗಳನ್ನು ಒಂದೊಂದು ಸಲ ಒತ್ತಿದರೆ ಬಿಂದು ಕೂದಲೆಳೆಯಷ್ಟೇ ಸರಿಯುತ್ತದೆ, ಮೇಲೆ, ಕೆಳಗೆ, ಪಕ್ಕಕ್ಕೆ. ಕೈ ಎಷ್ಟು ನಡುಗಿದರೂ ಅದು ಅಷ್ಟೇ ಸರಿಯುವುದು. ಹಾಗೆ ಸರಿಸಿ ಸರಿಸಿ ಕೂರಿಸಿದೆ. ಗೆರೆ ಎಣ್ಣೆ ಹಚ್ಚಿದಷ್ಟು ನುಣುಪಾಗಿ ಬಂತು! ಎಲ್ಲಿ ನಡುಗಿದೆ ಎಂದು ಹುಡುಕಿದರೂ ಸಿಗುವುದಿಲ್ಲ. ಮೆಷಿನ್ ನಿಂತ ಮೇಲೂ ನಾನು ಸುಮಾರು ಹೊತ್ತು ಅಲ್ಲೇ ಕೂತು ಅತ್ತೆ, ಖುಷಿಗೆ.

ಆಮೇಲೆಯೇ ಬೇಕರಿಯ ಆ ಮೊದಲ ಅಕ್ಷರವನ್ನು ಮುದ್ರಿಸಿ ಅತ್ತಿಗೆಯ ಕೈಯಲ್ಲಿ ಕಳಿಸಿದ್ದು. ಹೇಳಿ ಕಳಿಸಿದ್ದು ಇಷ್ಟೇ: ಇದರಲ್ಲಿ ಏನೋ ತಪ್ಪಿದೆ, ನನಗೆ ಗೊತ್ತಾಗುತ್ತಿಲ್ಲ. ನೀನು ಹರಿದು ಬಿಸಾಡುತ್ತೀ ಎಂದೇ ಅಂದುಕೊಂಡಿದ್ದೆ. ನಿನ್ನೆ ಅತ್ತಿಗೆ ಏದುಸಿರು ಬಿಡುತ್ತಾ ವಾಪಸ್ ತಂದುಕೊಟ್ಟು ಹೇಳಿದರು, "ಊಟ ಬಿಟ್ಟು ಮೇಜಿನ ಮೇಲೆ ಹರಡಿಕೊಂಡು ಕೂತಿದ್ರು ಕಣೇ. ಆಮೇಲೆ ಪೆನ್ಸಿಲ್ ಎಲ್ಲಿ ಅಂತ ಕೂಗಿದ್ರು." ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು ನೀನು.

ಕಾಗದ ಬಿಡಿಸಿದೆ. ನನ್ನ ಗೆರೆಯ ಹೊರಗೆ, ಅಕ್ಷರದ ಹೊಟ್ಟೆಯ ಕೆಳಭಾಗದಲ್ಲಿ, ನಿನ್ನ ಪೆನ್ಸಿಲಿನ ಗೆರೆ. ಅಂಕುಡೊಂಕು, ನಡುವೆ ಎರಡು ಕಡೆ ಕಾಗದವೇ ತೂತು. ಆದರೂ ಅದು ಎಲ್ಲಿಗೆ ಹೋಗುತ್ತಿದೆ ಎಂಬುದರಲ್ಲಿ ಒಂದು ಚೂರೂ ಅನುಮಾನವಿಲ್ಲ. ನಾನು ಹೊಟ್ಟೆಯನ್ನು ನಡುವಿನಲ್ಲಿ ಉಬ್ಬಿಸಿದ್ದೆ, ನೀನು ಅದನ್ನು ಇನ್ನೂ ಕೆಳಕ್ಕೆ ಇಳಿಸಿದ್ದೀ, ಇಳಿಸಿ ಬಲಕ್ಕೆ ಭಾರ ಕೊಟ್ಟಿದ್ದೀ. ಅಷ್ಟೇ! ಅಷ್ಟೇ ಆಗಿತ್ತು ತಪ್ಪು! ಇಂದು ಬೆಳಗ್ಗೆ ಅಂಗಡಿಯ ಬೀಗ ತೆಗೆದವಳೇ ನಿನ್ನ ಕಾಗದದ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿ, ಮಸುಕಾಗಿ ಕೆಳಗಿಟ್ಟು, ನಿನ್ನ ನಡುಗಿದ ಗೆರೆಯ ಮೇಲೆ ಬಿಂದು ಇಟ್ಟೆ. ಶುರುವಿನಲ್ಲಿ ಒಂದು, ಭಾರ ಬೀಳುವ ಕಡೆ ಒಂದು, ಮೇಲೇಳುವ ಕಡೆ ಒಂದು. ಮೀಸೆ ಎಳೆದೆ. ನಡುಕವೆಲ್ಲ ಕೆಳಗಿನ ಕಾಗದದಲ್ಲೇ ಉಳಿಯಿತು, ನಿನ್ನ ಅಕ್ಷರ ಮೇಲೆ ಬಂತು. ನಾನು ಕಿರುಚಿದ್ದಕ್ಕೆ ಮಹಡಿ ಮೇಡಂ ಕರೆಂಟ್ ಹೊಡೆಯಿತೆಂದು ಬರಿಗಾಲಿನಲ್ಲಿ ಓಡಿ ಬಂದರು. ನೋಡಿ, "ಇದ್ಯಾರು ತಿದ್ದಿದ್ದು?" ಅಂದರು. ನಮ್ಮಣ್ಣ ಅಂದೆ. ಎಷ್ಟು ಜಂಬದಿಂದ ಅಂದೆ ಎಂದು ನನಗೇ ಗೊತ್ತು.

ಒಂದು ವಿಷಯ ನೇರವಾಗಿ ಹೇಳುತ್ತೇನೆ. ಕನಿಕರದಿಂದ ಕರೆಯುತ್ತಿದ್ದೇನೆ ಎಂದು ತಿಳಿಯಬೇಡ. ನನಗೆ ಬಿಂದು ಇಡಲು ಬಂತು, ಎಲ್ಲಿ ಇಡಬೇಕೆಂದು ಬರಲಿಲ್ಲ. ಅದನ್ನು ಹೇಳಿಕೊಡುವ ಗುಂಡಿ ಆ ಪರದೆಯಲ್ಲಿ ಎಲ್ಲೂ ಇಲ್ಲ, ಹುಡುಕಿದ್ದೇನೆ. ನೀನು ಪಕ್ಕದಲ್ಲಿ ಕೂತು ಬೈಯುತ್ತಾ ಹೇಳಿದರೂ ಸಾಕು. ಬೈಯದೆ ನೀನೇ ಬಾಣದ ಕೀಲಿ ಒತ್ತಿದರೆ ಇನ್ನೂ ಒಳ್ಳೆಯದು. ನೀನಿಲ್ಲದೆ ಅಂಗಡಿಯಲ್ಲಿ ನನಗೆ ತುಂಬಾ ಬೇಜಾರಾಗುತ್ತದೆ ಅಣ್ಣಾ.

ಇನ್ನು ಆದದ್ದು ಹೇಳಿ ಮುಗಿಸುತ್ತೇನೆ. ಹೊಸದಾಗಿ ಮುದ್ರಿಸಿದ ಕಾಗದ ಹಿಡಿದು ಮಧ್ಯಾಹ್ನ ಬೇಕರಿಗೆ ಓಡಿದೆ. ಬೇಕರಿಯಣ್ಣ ಒಲೆಯ ಮುಂದಿನಿಂದ ಎದ್ದು ಬಂದ. ಈ ಸಲ ಹಿಂದೆ ಹೋಗಲಿಲ್ಲ, ಮುಂದೆ ಬರಲಿಲ್ಲ. ನಿಂತಲ್ಲೇ ನಿಂತು ಅಕ್ಷರ ನೋಡಿದ. ಚೆನ್ನಾಗಿದೆ ಅನ್ನಲಿಲ್ಲ, ಸರಿ ಇದೆ ಅನ್ನಲೂ ಇಲ್ಲ. ನನ್ನ ಮುಖ ನೋಡಿ ಒಂದೇ ಮಾತು ಕೇಳಿದ.

"ನಿಮ್ಮಣ್ಣ ಕೆಲಸಕ್ಕೆ ಬಂದ್ರಾ ಅಕ್ಕಾ?"

ನಾನು ಹೌದು ಅಂದುಬಿಟ್ಟೆ. ನಾಳೆ ಬೋರ್ಡಿಗೆ ಅಕ್ಷರ ಅಂಟಿಸುವಾಗ ಅವರೇ ನಿಂತು ನೋಡುತ್ತಾರೆ ಎಂದೂ ಸೇರಿಸಿದೆ. ಬಾಯಿಂದ ಹೋದದ್ದನ್ನು ಹಿಂದಕ್ಕೆ ತರುವ ಕೀಲಿ ನನ್ನ ಹತ್ತಿರ ಇಲ್ಲ. ಬೆಳಗ್ಗೆ ಹತ್ತಕ್ಕೆ ಅಂಗಡಿಗೆ ಬಾ, ಬಂದು ಅದನ್ನು ನಿಜ ಮಾಡು.

ಚಿಕ್ಕವಳು ಹರಸಬಾರದು ಅಂದರೂ ಹರಸುತ್ತಿದ್ದೇನೆ, ನಿನ್ನ ಕಣ್ಣಿಗೆ ಯಾರ ಕಣ್ಣೂ ತಾಗದಿರಲಿ.

ಬಾಗಿಲು ತೆರೆದಿಟ್ಟುಕೊಂಡು ಕಾಯುವ,
ನಿನ್ನ ತಂಗಿ