ಅವ್ವ ಹಾಕಿದ ಗಂಜಿ

ದಿಲ್‌ಸುಖ್‌ನಗರ, ಹೈದರಾಬಾದ್
ಜೂನ್ 2001

ಪ್ರೀತಿಯ ಸುಮಂಗಲಕ್ಕಾ,

ಈ ಹಾಸ್ಟೆಲಿನಲ್ಲಿ ಎಲ್ಲರೂ ಕಂಪ್ಯೂಟರ್ ಕಲಿಯಲು ಬಂದವರು, ನಾನೊಬ್ಬಳೇ ಸೋಪಿನ ಪುಡಿಯ ಲ್ಯಾಬಿನವಳು. ಬ್ಲೀಚ್ ಹೆಚ್ಚಾಗಿ ಬಟ್ಟೆಯ ಗಂಜಿ ತಿನ್ನಲೆಂದು ಪುಡಿಗೆ ಸೇರಿಸಿದ ಎನ್‌ಜೈಮ್ ಕೆಡುತ್ತಿತ್ತು. ಬ್ಲೀಚ್ ಕಡಿಮೆ ಮಾಡಿದೆವು. ಈಗ ಗಂಜಿ ಬಟ್ಟೆ ಒಗೆದು ಅಯೋಡಿನ್ ಹನಿಸಿದರೆ ನೀಲಿ ಬರುವುದೇ ಇಲ್ಲ, ಅಂದರೆ ಗಂಜಿ ಪೂರ್ತಿ ಹೋಗಿದೆ. ಎಲ್ಲರೂ ಖುಷಿಪಟ್ಟರು. ನನಗೆ ಮಾತ್ರ ಒಲೆಯ ಮುಂದೆ ಗಂಜಿ ಬಸಿಯುತ್ತಾ, ‘ಗಂಜಿ ಸೀರಿ ಉಟ್ರ ಮೈ ತಾನ ನೆಟ್ಟಗ ನಿಂದರತೈತಿ’ ಅನ್ನುತ್ತಿದ್ದ ಅವ್ವ ನೆನಪಾದಳು.

ಮೊನ್ನೆ ನಾನು ಕಳಿಸಿದ್ದು ಅದೇ ಪುಡಿ. ಮಕ್ಕಳ ಬಟ್ಟೆಗೆ ಹಾಕು, ಚೆನ್ನಾಗಿದೆ. ಅವ್ವ ಕೊನೆಯ ಸಲ ಗಂಜಿ ಹಾಕಿ ಮಡಚಿಟ್ಟ ಸೀರೆ ನಿನ್ನ ಟ್ರಂಕಿನಲ್ಲಿದೆಯಲ್ಲ, ಅದಕ್ಕೆ ಮಾತ್ರ ಬೇಡ. ಈಗಾಗಲೇ ಒಗೆದಿದ್ದರೆ ನನಗೆ ತಿಳಿಸಬೇಡ.

ನಿನ್ನ ತಂಗಿ
ದಾನೇಶ್ವರಿ