ಕಾರೋದು ಅಲ್ಲ, ವಾಂತಿ

ಜುಲೈ 8, ಸಿಂಧನೂರು
ಮತ್ತೆ ಗೋಡೆ ಒರೆಸಿದೆ. ಮಗಳು ಅಮರೇಶ್ವರಿ ಹಾಲುಣಿಸಿ ಕೂಸನ್ನು ಹೆಗಲಿಗೆ ಹಾಕಿಕೊಂಡಳೋ ಇಲ್ಲವೋ, ಕಾರಂಜಿಯಂತೆ ಚಿಮ್ಮಿತು. ನನ್ನ ಕವನ ಸಂಕಲನದ ಮೇಲೂ. ಕೂಡಲೇ ಹಸಿವಿನ ಅಳು. ತಿಂಗಳ ಮೊಮ್ಮಗ... ಹುಟ್ಟಿದಾಗಲೇ ಇದಕ್ಕಿಂತ ಮೈತುಂಬಿಕೊಂಡಿದ್ದ. ಬಾಣಂತಿಯನ್ನು ನೋಡಲು ಮಸ್ಕಿಯಿಂದ ಬಂದ ಬೀಗತಿ ಪಂಪಮ್ಮನದು ಒಂದೇ ಮಾತು: "ಕೂಸು ಹಾಲು ಕಾರ್ತೈತ್ರೀ, ಅದಕ್ಯಾಕ ಇಷ್ಟು ಗಾಬ್ರಿ?" ನನ್ನ ಮಗಳ ಹಾಲೇ ಭಾರವಂತೆ. ಹೆಣ್ಣಿನ ಕಡೆಯವಳು ನಾನು — ಪುಸ್ತಕ ಒರೆಸತೊಡಗಿದೆ.

ಜುಲೈ 9
ವಾಂತಿಯೇ ಎಂದು ಡಾಕ್ಟರ್ ಕೇಳಿದರು. ನನಗಿಂತ ಮೊದಲು ಪಂಪಮ್ಮ: "ಇಲ್ರೀ ಸಾಹೇಬ್ರ, ಬರೇ ಕಾರ್ತೈತಿ." ಕಾರೋದೆಂದರೆ ಕುಡಿದದ್ದರಲ್ಲಿ ಒಂದು ಗುಟುಕು ಹೊರಗೆ ಬರುವುದು, ಅಷ್ಟೇ; ತೇಗು ಬರಿಸಿ ಎಂದು ಕಳಿಸಿಬಿಟ್ಟರು. ಎಂ.ಎ. ಕನ್ನಡ ಓದಿ ಒಂದು ಕ್ರಿಯಾಪದದ ಎದುರು ಸೋತೆ.

ಜುಲೈ 12, ಲಿಂಗಸುಗೂರು
ಬೀಗತಿ ಊರಿಗೆ ಹೋದದ್ದೇ ತಡ, ಕೂಸಿನ ಸಮೇತ ಅಳಿಯ ಗುರುಬಸವನನ್ನು ಹೊರಡಿಸಿದೆ. ದಾರಿಯಲ್ಲಿ ಬೀಗತಿಯ ಕಣ್ಣಿಗೆ ಬೀಳಬಾರದೆಂದು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡೆ! ಇಲ್ಲಿನ ಮಕ್ಕಳ ಡಾಕ್ಟರಿಗೆ ಹೇಳಬೇಕಾಗಲಿಲ್ಲ, ಅವರ ಮೇಜಿನ ಮೇಲೇ ಆಯಿತು. ಹೊಟ್ಟೆ ಒತ್ತಿದರು — ಬಾರೆಹಣ್ಣಿನಂಥ ಗಂಟು. ಸ್ಕ್ಯಾನ್. ಜಠರದಿಂದ ಕರುಳಿಗೆ ಹೋಗುವ ಬಾಗಿಲಿನ ಸ್ನಾಯು ದಪ್ಪವಾಗಿದೆ. ಆಪರೇಷನ್ನೇ ಸರಿ. ಔಷಧವೂ ಇದೆ, ಎಲ್ಲ ಮಕ್ಕಳಿಗೂ ಹತ್ತುವುದಿಲ್ಲ. ಎರಡಕ್ಕೂ ರಾಯಚೂರಿಗೇ ಹೋಗಬೇಕು ಎಂದರು. ಗುರುಬಸವ ಅವ್ವನಿಗೆ ಫೋನ್ ಮಾಡಿದ. ಫೋನ್ ಇಟ್ಟು, ಔಷಧವೇ ಸಾಕು ಎಂದ.

ಜುಲೈ 18, ರಾಯಚೂರು
ಅಟ್ರೋಪಿನ್. ಮೊದಲು ವಾಂತಿ ಕಡಿಮೆಯಾಯಿತು. ಕೆನ್ನೆ ಕೆಂಪಗಾದವು — ಔಷಧದಿಂದ ಎಂದು ನರ್ಸ್ ಹೇಳಿದರೂ ಮಸ್ಕಿಯಿಂದ ಓಡಿಬಂದಿದ್ದ ಪಂಪಮ್ಮ ಕೂಸಿಗೆ ಕಳೆ ಬಂತೆಂದು ನೆಟಿಗೆ ಮುರಿದರು. ಇವತ್ತು ಮತ್ತೆ ಚಿಮ್ಮಿತು. ಅವರ ಇಳಕಲ್ ಸೀರೆಯ ಮೇಲೆ. "ಸ್ವಲ್ಪ ಕಾರೈತಿ" ಎಂದು ಒರೆಸತೊಡಗಿದರು. ತಡೆಯಲಾಗಲಿಲ್ಲ.
"ಕಾರೋದಲ್ರೀ ಅದು, ವಾಂತಿ. ಕೂಸು ಹಸದು ಸಾಯಾಕತ್ತೈತಿ."
ವಾರ್ಡೆಲ್ಲ ತಿರುಗಿ ನೋಡಿತು. ಗುರುಬಸವ ಎದ್ದು ಹೋಗಿ ಆಪರೇಷನ್‌ಗೆ ಸಹಿ ಹಾಕಿ ಬಂದ.

ಜುಲೈ 20
ಆಪರೇಷನ್ ಆಯಿತು. ಸಣ್ಣ ಗಾಯ. ಪಂಪಮ್ಮ ಮೊನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ.
ಸಂಜೆ ಮೊದಲ ಹಾಲು. ಅಮರೇಶ್ವರಿ ಹೆಗಲಿಗೆ ಹಾಕಿಕೊಂಡಳು. ನಾನು ಟವೆಲ್ ಹಿಡಿದು ಹಿಂದೆ ನಿಂತೆ. ತುಟಿಯಂಚಿನಲ್ಲಿ ಒಂದಿಷ್ಟು ಜಿನುಗಿತು. ಟವೆಲ್ ಚಾಚಿದೆ. ಅಷ್ಟೇ... ಮತ್ತೇನೂ ಬರಲಿಲ್ಲ.
ಪಂಪಮ್ಮ ಬಗ್ಗಿ ನೋಡಿದರು. ದನಿ ಸಣ್ಣದು: "ಇದು ಕಾರೋದು... ಹೌದಲ್ರೀ ಬೀಗ್ರ?"
ಇಷ್ಟಾದ ಮೇಲೂ ಗೆದ್ದದ್ದು ಆ ಪದವೇ. ಇರಲಿ. ಹೌದು ಅಂದೆ. ಕೂಸು ಮಲಗಿದೆ. ಟವೆಲ್ ಇನ್ನೂ ನನ್ನ ಹೆಗಲ ಮೇಲೇ ಇದೆ.