ಒಂದು ದಿನದ ಮಟ್ಟಿಗೆ ಒಂದು ಗಾಳ

ಅಂಗಡಿಯಿಂದ
ಶುಕ್ರವಾರ, ಊಟದ ಹೊತ್ತು

ನನ್ನ ಮುದ್ದಿನ ಗುಬ್ಬಿಗೆ,

ಈ ದಡದುದ್ದಕ್ಕೂ ಹೆಸರುವಾಸಿಯಾದ ನಿನ್ನ ಚಿಕ್ಕಪ್ಪನ ಆಶೀರ್ವಾದ. ನಾನು ಕ್ಷೇಮ. ನಿನ್ನ ಚಿಕ್ಕಮ್ಮ ಕ್ಷೇಮ, ಅವಳ ನಾಲಿಗೆ ಇನ್ನೂ ಹೆಚ್ಚು ಕ್ಷೇಮ. ಫೋನ್ ಬಿಟ್ಟು ಕಾಗದ ಹಿಡಿದನಲ್ಲ ಮುದುಕ ಎಂದು ನಗಬೇಡ. ಈ ವಾರ ಎಷ್ಟು ಸಲ ಫೋನ್ ಮಾಡಿದರೂ ಎತ್ತಿದ್ದು ನಿನ್ನ ಗಂಡನೇ. “ಅವಳು ಸ್ನಾನಕ್ಕೆ ಹೋಗಿದಾಳೆ ಮಾವ” ಅನ್ನುತ್ತಾನೆ. ಬೆಳಗ್ಗೆಯೂ ಸ್ನಾನ, ಸಂಜೆಯೂ ಸ್ನಾನ. ಅಷ್ಟು ತೊಳೆಯುವ ಕೊಳೆ ನಿನ್ನ ಮೈಮೇಲೆ ಎಲ್ಲಿಂದ ಬಂತು?

ಅಳಿಯಂದಿರು ನಿನ್ನೆ ನಮ್ಮ ಅಂಗಡಿಗೆ ದಯಮಾಡಿಸಿದ್ದರು. ನಿನಗೊಂದು ಗಾಳದ ಕೋಲು ಬೇಕಂತೆ. ಭಾನುವಾರ ಇಬ್ಬರು ಕೂರುವ ಸಣ್ಣ ಕಯಾಕ್ ದೋಣಿಯಲ್ಲಿ ನಿನ್ನನ್ನು ಸಮುದ್ರಕ್ಕೆ ಕರೆದೊಯ್ಯುತ್ತಾನಂತೆ, ಮುಂದಿನ ಸೀಟು ನಿನ್ನದಂತೆ. “ಜಾಸ್ತಿ ಬೆಲೆ ಬೇಡ ಮಾವ, ಎಲ್ಲದಕ್ಕೂ ಆಗೋ ಅಂಥದ್ದು ಒಂದು ಸಾಕು” ಅಂದ.

ಎಲ್ಲದಕ್ಕೂ ಆಗುವ ಕೋಲು ಆರಿಸುವುದರಲ್ಲಿ ನನ್ನನ್ನು ಮೀರಿಸುವವನು ಈ ದಡದಲ್ಲಿ ಹುಟ್ಟಿಲ್ಲ, ಹುಟ್ಟುವ ಲಕ್ಷಣವೂ ಕಾಣುತ್ತಿಲ್ಲ. ದುಬಾರಿ ಕೋಲನ್ನು ಯಾವ ಬೆಪ್ಪನಾದರೂ ಮಾರಿಯಾನು. ಅಗ್ಗದ್ದರಲ್ಲಿ ಒಳ್ಳೆಯದನ್ನು ಹೆಕ್ಕಲು ಕಣ್ಣು ಬೇಕು. ಕಯಾಕಿಗೆ ಏಳಡಿ ಸರಿ. ಗಿಡ್ಡವಾದರೆ, ಮೀನು ದೋಣಿಯ ಮೂತಿ ಸುತ್ತಿ ಆಚೆ ಹೋದಾಗ ಕೋಲಿನ ತುದಿ ಅಲ್ಲಿಗೆ ಮುಟ್ಟದೆ ದಾರ ದೋಣಿಗೆ ಉಜ್ಜಿ ಹರಿಯುತ್ತದೆ. ತೀರ ಉದ್ದವಾದರೆ ಕೂತಲ್ಲಿಂದ ಮೀನನ್ನು ಕೈಗೆ ತೆಗೆದುಕೊಳ್ಳಲಾಗದು. ತುದಿ ಚುರುಕಾಗಿರಬೇಕು, ಬುಡ ಗಟ್ಟಿ ಇರಬೇಕು, ಹಿಡಿಯ ಹಿಂಭಾಗ ಹೊಟ್ಟೆಗೆ ಚುಚ್ಚದಷ್ಟು ಗಿಡ್ಡ. ಬರೀ ಕಾರ್ಬನ್ನಿನದು ಎಲ್ಲಾದರೂ ಬಡಿದರೆ ಬಿರುಕು ಬಿಡುತ್ತದೆ. ಫೈಬರ್ ಗ್ಲಾಸ್ ಬೆರೆತದ್ದು ಪೆಟ್ಟು ತಾಳುತ್ತದೆ. ದಾರ ಹಾಯುವ ಉಂಗುರಗಳು ಉಪ್ಪಿಗೆ ತುಕ್ಕು ಹಿಡಿಯಬಾರದು. ಇಂಥದ್ದೊಂದು ಸಿಕ್ಕರೆ ಸಣ್ಣ ಮೀನಿಗೂ ಅದೇ, ದೊಡ್ಡದಕ್ಕೂ ಅದೇ. ವರ್ಷಗಟ್ಟಲೆ ಇನ್ನೊಂದರ ಮುಖ ನೋಡಬೇಕಾಗಿಲ್ಲ.

ನಮ್ಮ ಅಂಗಡಿಯ ಪದ್ಧತಿ ನಿನಗೆ ಗೊತ್ತು. ಕಯಾಕಿಗೆ ಕೋಲು ಕೇಳಿದವರನ್ನು ನೆಲದ ಮೇಲೆ ಕಾಲು ಚಾಚಿ ಕೂರಿಸುತ್ತೇನೆ. ಕಯಾಕಿನಲ್ಲಿ ಕೂರುವುದೂ ಹಾಗೆಯೇ ತಾನೆ? ಬ್ಯಾಂಕಿನ ಮ್ಯಾನೇಜರೂ ಪ್ಯಾಂಟು ಕೊಳೆಯಾಯಿತೆಂದು ಗೊಣಗುತ್ತಲೇ ಕೂತು ಬೀಸಿ ನೋಡಿ ಹೋಗಿದ್ದಾನೆ. ನಿನ್ನ ಗಂಡ ಕೂರಲಿಲ್ಲ. “ಹಾಗಾದ್ರೆ ಅವಳನ್ನೇ ಕರ್ಕೊಂಡು ಬಾರಯ್ಯ, ಹಿಡಿಯೋಳು ಅವಳು” ಅಂದೆ. “ಯಾವ್ದಾದ್ರೂ ಕೊಡಿ ಮಾವ” ಅಂದ. ನೀನು ಎಡಚಿಯಲ್ಲವೆ, ದಾರ ಸುತ್ತುವ ರೀಲಿನ ಹಿಡಿ ಯಾವ ಕಡೆಗೆ ಹಾಕಲಿ ಎಂದು ಕೇಳಿದೆ.

“ಯಾವ ಕಡೆ ಆದ್ರೇನು, ಒಂದೇ ದಿನ ತಾನೆ” ಅಂದ.

ನನ್ನ ಕೈ ಅಲ್ಲೇ ನಿಂತಿತು. ಆಮೇಲೆ ಅವನ ಮಾತನ್ನೆಲ್ಲ ಬೇರೆ ಕಿವಿಯಿಂದ ಕೇಳಿದೆ. ಕೋಲು ನೀರುಪಾಲಾಗದಂತೆ ದೋಣಿಗೆ ಕಟ್ಟುವ ಹಗ್ಗ ಬೇಡವಂತೆ. ನಿನ್ನ ಅಳತೆಯ ತೇಲುವ ಜಾಕೆಟ್ ಇಳಿಸಿ ಮುಂದಿಟ್ಟೆ. “ಮನೇಲಿ ಒಂದಿದೆ” ಅಂದ. ಒಂದು, ಗುಬ್ಬಿ. ದೋಣಿಯಲ್ಲಿ ಇಬ್ಬರು. ಈಜು ಬಾರದವಳು ನೀನು.

ಹೊರಡುವಾಗ ಬಾಗಿಲ ಬಳಿ ನಿಂತು, ಒಳಗಿದ್ದ ಗಿರಾಕಿಗಳಿಗೆಲ್ಲ ಕೇಳುವಂತೆ, “ನನ್ನ ಹೆಂಡ್ತಿಗೆ ಸಮುದ್ರ ಅಂದ್ರೆ ಪ್ರಾಣ. ಬೇಡ ಅಂದ್ರೂ ಅವಳೇ ಹಟ ಹಿಡಿದು ಕೂತಿದಾಳೆ” ಅಂದ. ಹುಟ್ಟಿದಾಗಿನಿಂದ ಬುರುಡೆ ಬಿಡುತ್ತಾ ಬಂದವನು ನಾನು. ಯಾವ ಸುಳ್ಳನ್ನು ಎಷ್ಟು ಜೋರಾಗಿ ಹೇಳಬೇಕು ಎಂಬ ವಿದ್ಯೆ ನನಗೆ ಯಾರೂ ಕಲಿಸಬೇಕಾಗಿಲ್ಲ. ಅವನು ಆ ಮಾತನ್ನು ನನಗೆ ಹೇಳಲಿಲ್ಲ. ನಾಳೆ ಯಾರಾದರೂ ಕೇಳಿದಾಗ ನೆನಪಿಟ್ಟು ಹೇಳುವವರಿಗೆ ಹೇಳಿದ.

ಅವನನ್ನು ಬಿಟ್ಟು ಬೇರೆ ಮನೆ ಮಾಡುತ್ತೇನೆ ಎಂದು ನೀನು ಹೇಳಿದಾಗ ಅವನು ಜಗಳವಾಡದೆ ನಕ್ಕನೆಂದು ಹೋದ ವಾರ ಅಂದೆಯಲ್ಲ, “ಆಗ್ಲಿ, ಹೋಗೋ ಮುಂಚೆ ಒಂದು ದಿನ ಸಮುದ್ರಕ್ಕೆ ಹೋಗಿ ಬರೋಣ” ಅಂದನೆಂದೆಯಲ್ಲ, ಆ ನಗುವನ್ನು ನಾನು ನಿನ್ನೆ ನೋಡಿದೆ. ಹಲ್ಲು ಮಾತ್ರ ನಗುತ್ತಿದ್ದವು.

ನಿನ್ನ ಅಪ್ಪನ ಹತ್ತಿರ ಹೋಗಿ ಎಲ್ಲ ಹೇಳಿದೆ. “ನಿನ್ನ ಬುರುಡೆಗೊಂದು ಮಿತಿ ಬೇಡ್ವೇನೋ? ಹೋದ ವರ್ಷ ಮೀನು ದೋಣೀನ ಎಳ್ಕೊಂಡು ಹೋಯ್ತು ಅಂದೆ. ಈಗ ಅಳಿಯ ಮಗಳನ್ನ ಮುಳುಗಿಸ್ತಾನಾ? ಹೋಗಿ ಅಂಗಡಿ ನೋಡ್ಕೋ” ಎಂದು ಅಣ್ಣ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ನಿನ್ನ ಚಿಕ್ಕಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ. ಒಲೆ ಆರಿಸಿ ಬಂದು, “ಮೊದಲು ಮಗೂಗೆ ಬರೀರಿ” ಎಂದು ಪೆನ್ನು ಕೈಗಿಟ್ಟಳು. ಮದುವೆಯಾದ ಮೇಲೆ ಅವಳು ನನ್ನ ಮಾತು ನಂಬಿದ್ದು ಇದೇ ಮೊದಲು. ಅದಕ್ಕೇ ನನಗೆ ಇಷ್ಟು ಹೆದರಿಕೆ.

ಕೋಲನ್ನು ಅವನ ಕೈಗೆ ಕೊಟ್ಟಿಲ್ಲ. ಉಂಗುರ ಸಡಿಲವಾಗಿದೆ, ಅಂಟು ಒಣಗಬೇಕು, ಶನಿವಾರ ಸಂಜೆ ಬಾ ಎಂದು ಸಾಗಹಾಕಿದೆ. ಅಷ್ಟರೊಳಗೆ ನೀನು ಹೊರಬೀಳಬೇಕು. ಹೊಟ್ಟೆನೋವು ಅನ್ನು, ಚಿಕ್ಕಮ್ಮ ಬಿದ್ದು ಕಾಲು ಮುರಿದುಕೊಂಡಳು ಅನ್ನು. ಕಾಲು ಅವಳದು, ಅವಳ ಒಪ್ಪಿಗೆ ಪಡೆದಿದ್ದೇನೆ. ಅವನ ಜೊತೆ ನೀರಿಗೆ ಮಾತ್ರ ಇಳಿಯಬೇಡ. ನನ್ನ ಲೆಕ್ಕ ತಪ್ಪಿದ್ದರೆ ಊರೆಲ್ಲ ನಗಲಿ. ನೀನೂ ನಗು, ನನ್ನೆದುರಿಗೆ ಕೂತು ನಗು.

ಇಂತಿ, ಈ ಕಾಗದದಲ್ಲಿ ಒಂದು ಗೆರೆ ಬುರುಡೆಯನ್ನೂ ಬಿಡದ,
ನಿನ್ನ ಚಿಕ್ಕಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ಅವನೇ ಬಂದ. ಕಾಗದವನ್ನು ರೀಲುಗಳ ಡಬ್ಬಿಯ ಕೆಳಗೆ ತಳ್ಳಿದೆ. ಕೋಲು ಇನ್ನೂ ಒಣಗಿಲ್ಲವಯ್ಯ ಅಂದೆ. “ಇರ್ಲಿ ಬಿಡಿ ಮಾವ, ಕೋಲು ಇನ್ನೊಂದು ಸಲ ನೋಡೋಣ” ಅಂದ. ಭಾನುವಾರದ ತನಕ ಕಾಯುವುದಿಲ್ಲವಂತೆ, ನಾಳೆ ಬೆಳಗ್ಗೆಯೇ ಹೊರಡುತ್ತಾರಂತೆ. ನಿನ್ನ ಫೋನು ಅವನ ಅಂಗಿಯ ಜೇಬಿನಲ್ಲಿತ್ತು. ಈಗ ಎದುರಿನ ಕ್ಷೌರದ ಅಂಗಡಿಯಲ್ಲಿ ಸರದಿ ಕಾಯುತ್ತಾ ಕೂತಿದ್ದಾನೆ, ನನಗೆ ಇಲ್ಲಿಂದ ಅವನ ತಲೆ ಕಾಣುತ್ತಿದೆ. ಈ ಕಾಗದ ತಂದವಳು ಐಸ್ ಗಾಡಿ ಓಡಿಸುವವಳು, ನಮ್ಮವಳೇ. ಗಾಡಿ ನಿನ್ನ ಬಾಗಿಲಲ್ಲಿದೆ. ಬಟ್ಟೆಬರೆ ಕಟ್ಟಿಕೊಳ್ಳುತ್ತಾ ನಿಲ್ಲಬೇಡ. ಚಪ್ಪಲಿ ಮೆಟ್ಟಿ ಹತ್ತು.